ಹೊಗೆ ಬಿಟ್ಟ ಮಾಡು: ಅಡುಗೆಮನೆಯ ಹೆಂಚು ಇಳಿಸಿ ಮತ್ತೆ ಹಾಕಿದ್ದು

ಏಪ್ರಿಲ್ 16

ನಿನ್ನೆ ರಾತ್ರಿ ಅಶ್ವಿನಿ ಮಳೆ ಗುಡುಗಿನ ಜೊತೆ ಬಂತು. ಅಡುಗೆಮನೆಯಲ್ಲಿ ಗ್ಯಾಸ್ ಕಟ್ಟೆಯ ಎಡಗಡೆ ಟಪ್ ಟಪ್ ಶುರುವಾಯಿತು. ಮೂರು ವರ್ಷದಿಂದ ಅದೇ ಜಾಗ. ಪ್ರತಿ ಬೇಸಿಗೆಯಲ್ಲೂ ಆ ಜಾಗದ ನೇರಕ್ಕೆ ಮೇಲೆ ಹತ್ತಿ ನಾಲ್ಕೈದು ಹೆಂಚು ಬದಲಾಯಿಸಿ ಇಳಿಯುತ್ತಿದ್ದೆ. ಜೂನ್‌ನಲ್ಲಿ ಮತ್ತೆ ಅಲ್ಲೇ ಪಾತ್ರೆ ಇಡಬೇಕಾಗುತ್ತಿತ್ತು.

ನಮ್ಮದು ಮೂಡಿಗೆರೆ ತಾಲ್ಲೂಕು. ಇಲ್ಲಿ ಮೃಗಶಿರಾ ಮಳೆ ಹಿಡಿದರೆ ಆಗಸ್ಟ್‌ವರೆಗೂ ಮಾಡು, ಅಂದರೆ ಹೆಂಚಿನ ಛಾವಣಿ, ಒಣಗುವುದೇ ಇಲ್ಲ. ಏನು ಮಾಡುವುದಿದ್ದರೂ ಅಷ್ಟರೊಳಗೆ ಮಾಡಿ ಮುಗಿಸಬೇಕು.

ಬೆಳಿಗ್ಗೆ ಹೆಂಚಿನ ಕೆಲಸ ಬಲ್ಲ ಪಕ್ಕದ ಮನೆಯ ಮಾವನಿಗೆ ಹೇಳಿದೆ. ನಲವತ್ತು ವರ್ಷ ಮಾಡು ಹತ್ತಿ ಇಳಿದವರು. ಈಗ ಮೊಣಕಾಲು ನೋವು, ಹತ್ತುವುದಿಲ್ಲ.

"ಅಲ್ಲ ಮಾರಾಯ, ನೀರು ಬಿದ್ದ ಜಾಗ ನೋಡಿ ಹೆಂಚು ಬದಲಾಯಿಸ್ತಾ ಇದ್ದೀಯ. ನೀರು ಹೊರಟ ಜಾಗ ನೋಡು. ಅಟ್ಟಕ್ಕೆ ಹತ್ತು, ಪಕಾಸಿಯ ಹೊಟ್ಟೆ ಮುಟ್ಟಿ ನೋಡು" ಎಂದರು. ಮಾಡಿನ ನೆತ್ತಿಯಿಂದ ಸೂರಿಗೆ ಇಳಿಜಾರಾಗಿ ಬರುವ ಮರವೇ ಪಕಾಸಿ.

ಏಪ್ರಿಲ್ 20

ಮಳೆಗೆ ಕಾಯಲಿಲ್ಲ. ತೋಟದ ಪೈಪು ಎಳೆದುಕೊಂಡು ಏಣಿ ಹತ್ತಿದೆ. ಹೆಂಡತಿ ಟಾರ್ಚು, ಚಾಕ್‌ಪೀಸು ಹಿಡಿದು ಅಟ್ಟದೊಳಗೆ ಕೂತಳು. ನೀರನ್ನು ಸೂರಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರುಮಾಡಿದರೆ ಎಲ್ಲವೂ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ. ಒಂದೊಂದು ಸಾಲಿಗೆ ಐದು ನಿಮಿಷ ನೀರು ಬಿಟ್ಟೆ. ಆರು ಸಾಲು ದಾಟಿದರೂ ಒಳಗಿನಿಂದ "ಇಲ್ಲ, ಒಣಗೇ ಇದೆ" ಎಂಬ ಮಾತೇ ಬಂತು. ಮೂರು ವರ್ಷ ನಾನು ಹೆಂಚು ಬದಲಾಯಿಸಿದ್ದ ಜಾಗ ಅದು.

ಅಡುಗೆಮನೆಯ ಮಾಡು ದೊಡ್ಡ ಮನೆಯ ಮಾಡಿಗೆ ಸೇರುವ ಕಡೆ ಒಂದು ಮೂಲೆ ಇದೆ. ಅಲ್ಲಿ ಹೆಂಚಿನಡಿ ತಗಡಿನ ದೋಣಿ ಹಾಕಿದ್ದಾರೆ, ಎರಡೂ ಕಡೆಯ ನೀರು ಅದರಲ್ಲಿ ಇಳಿಯುತ್ತದೆ. ಅಲ್ಲಿಗೆ ಪೈಪು ಹಿಡಿದ ಎರಡೇ ನಿಮಿಷಕ್ಕೆ ಒಳಗಿನಿಂದ ಕೂಗು ಕೇಳಿತು. ನೀರು ದೋಣಿಯ ಪಕ್ಕದಿಂದ ಒಳಗೆ ನುಗ್ಗಿ, ಪಕಾಸಿಯ ಕೆಳಮೈಗೆ ಅಂಟಿಕೊಂಡು ಏಳಡಿ ಇಳಿಯುತ್ತಿತ್ತು. ಅಲ್ಲೊಂದು ಮೊಳೆಯ ತುದಿ ಹೊರಗೆ ಬಂದಿತ್ತು. ನೀರು ಅದಕ್ಕೆ ತಗುಲಿ ಕೆಳಗೆ ಬೀಳುತ್ತಿತ್ತು. ಗ್ಯಾಸ್ ಕಟ್ಟೆಯ ಎಡಗಡೆ, ನಮ್ಮ ಪಾತ್ರೆ ಇಡುವ ಜಾಗಕ್ಕೆ.

ಮೂಲೆಯ ನಾಲ್ಕು ಹೆಂಚು ತೆಗೆದು ನೋಡಿದೆ. ಸಿಲ್ವರ್ ಓಕ್ ಎಲೆ ಕೊಳೆತು ಕಪ್ಪು ಮಣ್ಣಾಗಿ ದೋಣಿಗೆ ಅಡ್ಡ ಕಟ್ಟೆ ಕಟ್ಟಿದಂತೆ ಕೂತಿತ್ತು. ನೀರು ಅದರ ಹಿಂದೆ ನಿಂತು, ತಗಡಿನ ಅಂಚು ದಾಟಿ ಮರದ ಮೇಲೆ ಹೋಗುತ್ತಿತ್ತು. ಎಲೆಯ ಕೆಳಗೆ ತಗಡು ತುಕ್ಕು ಹಿಡಿದು ಬೆರಳು ತೂರುವಷ್ಟು ತೂತಾಗಿತ್ತು.

ದೋಣಿ ಒಂದನ್ನೇ ಬದಲಾಯಿಸಿದ್ದರೆ ಎರಡು ದಿನದ ಕೆಲಸ. ಆದರೆ ಹೆಂಡತಿ ಅಟ್ಟದಿಂದ ಇಳಿದಾಗ ಅವಳ ತಲೆ, ಭುಜದ ಮೇಲೆಲ್ಲ ಹಳದಿ ಹಿಟ್ಟು ಬಿದ್ದಿತ್ತು. ಅದು ಧೂಳಲ್ಲ, ಕುಟ್ಟೆ ಹುಳ ಮರ ತಿಂದು ಉದುರಿಸಿದ ಪುಡಿ. ಸ್ಕ್ರೂಡ್ರೈವರ್ ತಗೊಂಡು ಹೋಗಿ ರೀಪುಗಳನ್ನು, ಅಂದರೆ ಹೆಂಚು ಕೂರಿಸಲು ಪಕಾಸಿಯ ಮೇಲೆ ಅಡ್ಡ ಹೊಡೆದ ಮರದ ಪಟ್ಟಿಗಳನ್ನು, ಒಂದೊಂದಾಗಿ ಚುಚ್ಚಿದೆ. ಮೇಲೆ ಗುಂಡುಸೂಜಿ ಗಾತ್ರದ ತೂತು ಅಷ್ಟೇ ಕಾಣುತ್ತದೆ, ಒಳಗೆ ಬಿಸ್ಕತ್ತಿನ ಹಾಗೆ ಪುಡಿ. ಹೆಂಚಿನ ಭಾರ ತಡೆಯುತ್ತಿದ್ದುದು ಇವೇ. ನಮ್ಮ ಹೆಂಚು ಒಂದೊಂದೂ ಸುಮಾರು ಎರಡೂವರೆ ಕೆಜಿ ತೂಗುತ್ತದೆ. ಈ ಇಳಿಜಾರು 24 ಅಡಿ ಉದ್ದ, 14 ಅಡಿ ಎತ್ತರ, ಹೆಂಚು ಸುಮಾರು 470. ಒಂದು ಟನ್ನಿಗೂ ಜಾಸ್ತಿ ಭಾರ ಅಮ್ಮನ ತಲೆಯ ಮೇಲಿತ್ತು.

ಸಂಜೆ ಸುಮ್ನೆ ಬಚ್ಚಲುಮನೆಯ ಮಾಡನ್ನೂ ಚುಚ್ಚಿ ನೋಡಿದೆ. ಅಜ್ಜ ಎರಡನ್ನೂ ಒಂದೇ ವರ್ಷ ಕಟ್ಟಿಸಿದ್ದು, ಮರವೂ ಒಂದೇ ರಾಶಿಯದ್ದು. ಬಚ್ಚಲಿನ ರೀಪು ಮಸಿ ಹಿಡಿದು ಕರ್ರಗೆ ಹೊಳೆಯುತ್ತದೆ. ಸ್ಕ್ರೂಡ್ರೈವರ್ ತುದಿ ಇಳಿಯಲೇ ಇಲ್ಲ. ಒಂದೂ ತೂತಿಲ್ಲ.

ಕಾರಣ ಅಲ್ಲೇ ಕಾಣುತ್ತಿತ್ತು. ಬಚ್ಚಲಿನಲ್ಲಿ ಇವತ್ತಿಗೂ ಹಂಡೆ ಒಲೆಗೆ ಸೌದೆ ಉರಿಯುತ್ತದೆ. ಅಡುಗೆಮನೆಗೆ ಗ್ಯಾಸ್ ಬಂದು ಇಪ್ಪತ್ತು ವರ್ಷ ಆಯಿತು. ಹೊಗೆ ಮರವನ್ನು ಸದಾ ಒಣಗಿಸಿ ಇಡುತ್ತಿತ್ತು, ಅದರ ಟಾರು ಅಂಟಿದ ಮರಕ್ಕೆ ಹುಳ ಬಾಯಿ ಹಾಕುತ್ತಿರಲಿಲ್ಲ. ಈಗ ಹೊಗೆಯ ಬದಲು ಕುಕ್ಕರಿನ ಆವಿ ಮೇಲೇರುತ್ತದೆ. ಒಲೆಯ ಜೊತೆ ಮಾಡಿನ ಕಾವಲೂ ಹೋಗಿತ್ತು, ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ.

ಅಮ್ಮನಿಗೆ ಹೇಳಿದಾಗ "ಹಾಗಾದರೆ ವಾರಕ್ಕೊಂದು ಸಲ ಒಲೆ ಹಚ್ಚಲಾ?" ಎಂದು ಕೇಳಿದರು. ಬೇಡವೇ ಬೇಡ ಎಂದೆ. ಆ ಹೊಗೆಯಲ್ಲಿ ಅವರು ಮೂವತ್ತು ವರ್ಷ ಕಣ್ಣು ಒರೆಸಿಕೊಂಡು, ಕೆಮ್ಮಿಕೊಂಡು ಅಡುಗೆ ಮಾಡಿದ್ದಾರೆ. ಹೊಗೆ ಮಾಡುತ್ತಿದ್ದ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಬೇಕು.

ಏಪ್ರಿಲ್ 21ರಿಂದ 29

ಹೋದ ಮಳೆಗಾಲದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಓಕ್ ಒಂದನ್ನು ಮಿಲ್ಲಿನಲ್ಲಿ ಕೊಯ್ಸಿ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿದ್ದೆವು. ಚೆನ್ನಾಗಿ ಒಣಗಿತ್ತು. ಅದರಿಂದ ಎರಡಿಂಚು ಅಗಲ, ಒಂದಿಂಚು ದಪ್ಪದ ರೀಪು ಸೀಳಿಸಿದೆ. 12 ಅಡಿಯದ್ದು 30 ತುಂಡು. 14 ಸಾಲಿಗೆ 28 ಸಾಕು, ಎರಡು ಹೆಚ್ಚಿಗೆ ಇರಲಿ ಎಂದು.

ಸಿಲ್ವರ್ ಓಕ್ ಎಂದರೆ ಮಾವ ಮುಖ ಸಿಂಡರಿಸಿದರು. ನಂದಿ, ಮತ್ತಿ ಇದ್ದರೆ ಈ ಚಿಂತೆ ಇಲ್ಲ ಎಂದರು. ನಿಜ. ಆದರೆ ಆ ಮರಗಳ ಬೆಲೆ ನಮ್ಮ ಕೈಗೆ ಎಟುಕುವುದಿಲ್ಲ, ನಮ್ಮದೇ ಮರ ಮನೆಯಲ್ಲೇ ಇದೆ. ಹುಳಕ್ಕೆ ಬೇಕಾದ್ದು ಮರದ ಬಿಳಿ ಭಾಗದಲ್ಲಿರುವ ಪಿಷ್ಟ. ಆ ಊಟಕ್ಕೆ ಮೊದಲೇ ಮದ್ದು ಬೆರೆಸಿಟ್ಟರೆ ಆಯಿತು.

ಮದ್ದು ಬೋರಿಕ್ ಆಸಿಡ್ ಮತ್ತು ಬೊರಾಕ್ಸ್. ಬೋರಿಕ್ ಒಂದು ಪಾಲು, ಬೊರಾಕ್ಸ್ ಒಂದೂವರೆ ಪಾಲು. 100 ಲೀಟರ್ ನೀರಿಗೆ ಬೋರಿಕ್ 2 ಕೆಜಿ, ಬೊರಾಕ್ಸ್ 3 ಕೆಜಿ ಹಾಕಿದೆ. ತಣ್ಣೀರಿಗೆ ಸುರಿದರೆ ತಳದಲ್ಲಿ ಕೂತುಬಿಡುತ್ತದೆ. ಹಂಡೆಯಲ್ಲಿ ಕಾಯಿಸಿದ ನೀರಿನಲ್ಲಿ ಮೊದಲು ಕರಗಿಸಿ, ಆಮೇಲೆ ಉಳಿದ ನೀರು ಸೇರಿಸಿದೆ.

ಇಷ್ಟುದ್ದದ ರೀಪು ನೆನೆಸಲು ತೊಟ್ಟಿ ಎಲ್ಲಿಂದ ತರುವುದು? ಕಣದ ಪಕ್ಕ ಹದಿಮೂರಡಿ ಉದ್ದ, ಒಂದಡಿ ಅಗಲ, ಅರ್ಧ ಅಡಿ ಆಳದ ಕಾಲುವೆ ತೋಡಿದೆ. ಮೆಣಸು ಒಣಗಿಸುವ ಹಳೇ ಟಾರ್ಪಾಲು ಹಾಸಿದೆ. ಒಂದು ಸಲಕ್ಕೆ 15 ರೀಪು, ಮೇಲೆ ಕಲ್ಲು ಹೇರಿ ಮೂರು ದಿನ. ಆಮೇಲೆ ಇನ್ನು 15. ಕೋಳಿ, ನಾಯಿ ಆ ನೀರು ಕುಡಿಯದ ಹಾಗೆ ಮುಚ್ಚಿಡಬೇಕು. ಉಳಿದ ನೀರನ್ನು ಹಳೇ ಪಕಾಸಿಗಳಿಗೆ ಬ್ರಷ್‌ನಲ್ಲಿ ಬಳಿಯಲು ಎತ್ತಿಟ್ಟೆ.

ನೆನೆಸಿದ್ದನ್ನು ನೆರಳಿನಲ್ಲಿ ಒಣಗಿಸಿದೆ. ಬಿಸಿಲಿಗೆ ಹಾಕಿದರೆ ಸೊಟ್ಟ ತಿರುಗುತ್ತದೆ. ಈ ಮದ್ದು ನೀರಿನಲ್ಲಿ ಕರಗುವಂಥದ್ದು, ಹಾಗಾಗಿ ಸೋರಿಕೆ ಇದ್ದರೆ ತೊಳೆದು ಹೋಗುತ್ತದೆ. ಅದಕ್ಕೆ ರೀಪು ಒಣಗಿದ ಮೇಲೆ ಗೇರೆಣ್ಣೆಯ ಒಂದು ಕೈ ಬಳಿದೆ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಕೈಗವಸು ಇಲ್ಲದೆ ದಯವಿಟ್ಟು ಮುಟ್ಟಬೇಡಿ.

ಏಪ್ರಿಲ್ 30, ಮೇ 1

ಹೆಂಚು ಇಳಿಸಿದೆವು. ನಾನು, ತಮ್ಮ, ಕೆಳಗೆ ಹೆಂಡತಿ. ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ನೆತ್ತಿಯ ತೊಲೆಗೆ ಬಿಗಿದಿದ್ದೆ. ಹೆಂಚಿನ ನಡುವೆ ಕಾಲಿಟ್ಟರೆ ಒಡೆಯುತ್ತದೆ. ಕೆಳಗೆ ಪಕಾಸಿ ಇರುವ ಜಾಗದಲ್ಲಿ, ಎರಡು ಹೆಂಚು ಒಂದರ ಮೇಲೊಂದು ಕೂರುವ ಕಡೆ ಕಾಲಿಡಬೇಕು. ನಾನಂತೂ ಹಲಗೆ ಹಾಸಿಕೊಂಡೇ ಓಡಾಡಿದೆ. ರೀಪಿನ ಸ್ಥಿತಿ ನೋಡಿದ ಮೇಲೆ ಧೈರ್ಯ ಮಾಡುವ ಮಾತೇ ಇರಲಿಲ್ಲ. ನೆತ್ತಿಯಿಂದ ಶುರುಮಾಡಿ ಸಾಲು ಸಾಲಾಗಿ ಕೆಳಗೆ ಬಂದೆವು.

ಇಳಿಸಿದ ಒಂದೊಂದು ಹೆಂಚನ್ನೂ ಹೆಂಡತಿ ಬೆರಳಿನ ಗೆಣ್ಣಿನಿಂದ ತಟ್ಟಿ ಬೇರೆ ಮಾಡಿದಳು. ಗಟ್ಟಿ ಹೆಂಚು ಠಣ್ ಎನ್ನುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಡಬ್ ಎನ್ನುತ್ತದೆ, ಕಣ್ಣಿಗೆ ಕಾಣದಿದ್ದರೂ. 61 ಹೆಂಚು ಡಬ್ ಗುಂಪಿಗೆ ಹೋದವು. ಹೆಚ್ಚಿನವು ಮಂಗ ಹಾರಿದ ದಾರಿಯಲ್ಲಿದ್ದವು. ಸಿಲ್ವರ್ ಓಕ್‌ನಿಂದ ಮಾಡಿಗೆ, ಮಾಡಿನಿಂದ ಸೀಬೆ ಮರಕ್ಕೆ ಅವುಗಳ ದಿನದ ಓಡಾಟ. ಮಾಡಿನ ಮೇಲೆ ಚಾಚಿದ್ದ ಕೊಂಬೆಗಳನ್ನು ಅವತ್ತೇ ಸವರಿದೆ. ಎಲೆಗೂ ಮಂಗಕ್ಕೂ ಒಟ್ಟಿಗೇ ಉಪಾಯ ಆಯಿತು.

ಹೆಂಚು ತಿರುಗಿಸಿ ನೋಡಿದರೆ ಬೆನ್ನ ಮೇಲೆ ಕಾರ್ಖಾನೆಯ ಹೆಸರು, ಊರಿನ ಹೆಸರು ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು ನಂಬಿ ಎಷ್ಟೋ ಕಾರ್ಖಾನೆಗಳು ಎದ್ದವು. ನೋಡಲು ಎಲ್ಲರ ಹೆಂಚೂ ಒಂದೇ ಥರ. ಆದರೆ ಅಚ್ಚು ಬೇರೆ ಬೇರೆ, ಒಬ್ಬರ ಹೆಂಚಿನ ಕಾಲುವೆ ಇನ್ನೊಬ್ಬರ ಹೆಂಚಿಗೆ ಸರಿಯಾಗಿ ಕೂರುವುದಿಲ್ಲ. ನೂಲಿನಷ್ಟು ಸಂದು ಉಳಿದರೂ ಆರಿದ್ರಾ ಮಳೆಯ ಗಾಳಿ ಅದರಲ್ಲಿ ನೀರು ತೂರಿಸುತ್ತದೆ. ಮೂರು ವರ್ಷ ನಾನು ಹಾಕಿದ್ದು ಬೇರೆ ಅಚ್ಚಿನ ಹೆಂಚು ಎಂದು ಅವತ್ತೇ ಗೊತ್ತಾಗಿದ್ದು.

ಬಣಕಲ್ ಕಡೆ ಹಳೇ ಮನೆ ಕೆಡವುತ್ತಿದ್ದಾರೆಂದು ತಮ್ಮನಿಗೆ ಸುದ್ದಿ ಸಿಕ್ಕಿತು. ನಮ್ಮ ಒಂದು ಹೆಂಚನ್ನು ಬೈಕಿನಲ್ಲಿ ತಗೊಂಡು ಹೋಗಿ ಅಲ್ಲಿಯದರ ಜೊತೆ ಜೋಡಿಸಿ ನೋಡಿದೆವು. ಅದೇ ಅಚ್ಚು. ಒಂದಕ್ಕೆ 14 ರೂಪಾಯಿಯಂತೆ 110 ತಂದೆವು. ಹಳೇ ಹೆಂಚು ಹುಡುಕುವವರು ದಯವಿಟ್ಟು ಜೊತೆಗೆ ಮನೆಯ ಹೆಂಚು ಒಯ್ಯಿರಿ. ಫೋಟೊ ನೋಡಿ ಕೊಂಡರೆ ಮೋಸ ಹೋಗುತ್ತೀರಿ.

ಹೆಂಚಿನ ಪಾಚಿಯನ್ನು ತೆಂಗಿನ ನಾರಿನಲ್ಲಿ ಉಜ್ಜಿ ತೊಳೆದೆವು. ಬೈಕ್ ತೊಳೆಯುವ ಜೋರು ನೀರಿನ ಮೆಷಿನ್ ತರೋಣ ಎಂದು ತಮ್ಮ ಹೇಳಿದ. ನಾನು ಒಪ್ಪಲಿಲ್ಲ. ಅದು ಹೆಂಚಿನ ಮೇಲ್ಮೈಯನ್ನೇ ಕಿತ್ತು ಹಾಕುತ್ತದೆ, ಆಮೇಲೆ ಹೆಂಚು ನೀರು ಕುಡಿಯಲು ಶುರುಮಾಡುತ್ತದೆ.

ಮೇ 2

ಪಕಾಸಿಗಳು ಹೊನ್ನೆ ಮರದವು. ಎರಡನ್ನು ಬಿಟ್ಟು ಎಲ್ಲ ಗಟ್ಟಿ. ಸೂರಿನ ಕಡೆ ತುದಿ ಕೊಳೆತಿದ್ದ ಆ ಎರಡಕ್ಕೆ ಪಕ್ಕದಲ್ಲಿ ನಾಲ್ಕಡಿಯ ಜೋಡು ಮರ ಇಟ್ಟು ಬೋಲ್ಟ್ ಹಾಕಿದೆ. ಎಲ್ಲಕ್ಕೂ ಬೋರಿಕ್ ನೀರು ಎರಡು ಸಲ ಬಳಿದೆ.

ಮೇ 3ರಿಂದ 5

ಇಡೀ ಕೆಲಸದಲ್ಲಿ ಜಾಸ್ತಿ ತಲೆ ಓಡಿಸಬೇಕಾದ್ದು ರೀಪಿನ ಅಂತರಕ್ಕೆ. ನಾನು ಟೇಪು ಹಿಡಿದು 13 ಇಂಚು ಎಂದು ಗುರುತು ಹಾಕಿ ಮೂರು ಸಾಲು ಹೊಡೆದೆ. ಹೆಂಚು ಇಟ್ಟು ನೋಡಿದರೆ ಮೇಲಿನ ಹೆಂಚಿನ ಹಲ್ಲು (ಅಡಿಯಲ್ಲಿರುವ ಉಬ್ಬು) ರೀಪಿಗೆ ಸಿಕ್ಕಿಕೊಂಡರೆ ಕೆಳಗಿನ ತುದಿ ಕಾಲುವೆಯ ಮೇಲೆ ಅರ್ಧ ಮಾತ್ರ ಕೂರುತ್ತಿತ್ತು. ಮೂರು ಸಾಲನ್ನೂ ಕೀಳಬೇಕಾಯಿತು.

ಮಾವ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. "ಟೇಪು ಇಡು ಆ ಕಡೆ. ಹೆಂಚನ್ನೇ ಕೇಳು" ಎಂದರು. ಅವರು ಹೇಳಿಕೊಟ್ಟ ವಿಧಾನ ಇದು. ಸಮ ನೆಲದ ಮೇಲೆ 11 ಹೆಂಚನ್ನು ಒಂದಕ್ಕೊಂದು ಸಿಕ್ಕಿಸಿ ಉದ್ದಕ್ಕೆ ಜೋಡಿಸಬೇಕು. ಎಲ್ಲವನ್ನೂ ಎಷ್ಟು ಸಾಧ್ಯವೋ ಅಷ್ಟು ಹಿಗ್ಗಿಸಿ ಮೊದಲ ಹಲ್ಲಿನಿಂದ ಕೊನೆಯ ಹಲ್ಲಿಗೆ ಅಳೆಯಬೇಕು. ನಮಗೆ 325 ಸೆಂಟಿಮೀಟರ್ ಬಂತು. ಆಮೇಲೆ ಎಲ್ಲವನ್ನೂ ಒತ್ತಿ ಕುಗ್ಗಿಸಿ ಅಳೆಯಬೇಕು. 317 ಬಂತು. ಎರಡರ ನಡುವಿನದು 321. ಹೆಂಚು 11 ಇದ್ದರೂ ನಡುವೆ ಅಂತರ 10, ಹಾಗಾಗಿ ಒಂದಕ್ಕೆ 32.1 ಸೆಂಟಿಮೀಟರ್. 13 ಇಂಚು ಎಂದರೆ 33. ಒಂಬತ್ತು ಮಿಲಿಮೀಟರ್ ಜಾಸ್ತಿ ಹೋಗಿದ್ದೆ. ಆ ಅಳತೆಗೆ ಒಂದು ಕೋಲು ಕತ್ತರಿಸಿಕೊಂಡು ಅದನ್ನೇ ಇಟ್ಟು ಇಟ್ಟು ಹೊಡೆದ ಮೇಲೆ ಎಲ್ಲ ಸಾಲೂ ಕೂತಿತು.

ಇನ್ನೊಂದು ವಿಷಯ ಸೂರಿನ ಮೊದಲ ರೀಪು. ಬೇರೆ ಎಲ್ಲ ಹೆಂಚಿಗೂ ಕೆಳಗೆ ಒರಗಲು ಇನ್ನೊಂದು ಹೆಂಚು ಇರುತ್ತದೆ. ಕೊನೆಯ ಸಾಲಿಗೆ ಇರುವುದಿಲ್ಲ. ಅಲ್ಲಿ ಒಂದು ಹೆಂಚಿನ ದಪ್ಪದಷ್ಟು ಎತ್ತರಿಸಿ ಪಟ್ಟಿ ಕೊಡದಿದ್ದರೆ ಆ ಸಾಲು ತಲೆ ತಗ್ಗಿಸಿ ಬೀಳುತ್ತದೆ, ಅದರ ಮೇಲಿನ ಸಾಲಿನ ಸಂದು ಬಾಯಿ ಬಿಡುತ್ತದೆ. ಹಳೇ ಮಾಡಿನಲ್ಲಿ ಆ ಪಟ್ಟಿ ಕುಟ್ಟೆಗೆ ಪುಡಿಯಾಗಿತ್ತು. ಒಂದರ ಮೇಲೊಂದು ಎರಡು ರೀಪು ಹೊಡೆದು ಸರಿಮಾಡಿದೆ. ಮೊಳೆ ಜಿಐನದ್ದು (ಸತು ಲೇಪಿಸಿದ ಕಬ್ಬಿಣ), ಎರಡೂವರೆ ಇಂಚು. ರೀಪಿನ ತುದಿಗೆ ಮೊದಲು ಡ್ರಿಲ್ ಹಾಕದಿದ್ದರೆ ಸೀಳುತ್ತದೆ.

ನಾಲ್ಕನೇ ತಾರೀಕು ರಾತ್ರಿ ಭರಣಿ ಮಳೆ ಬಂತು. ಮಾಡು ಪೂರ್ತಿ ತೆರೆದಿತ್ತು. ತೋಟಕ್ಕೆ ಆ ಮಳೆ ಬೇಕೇ ಬೇಕು, ಹೂವು ಕಾಯಿ ಕಟ್ಟುವ ಹೊತ್ತು. "ಭರಣಿ ಬಂದರೆ ಧರಣಿಯೆಲ್ಲ ಬೆಳೆ" ಎನ್ನುತ್ತಾ ಬೆಳೆದವರು ನಾವು. ಆದರೂ ಟಾರ್ಪಾಲಿನ ಹಗ್ಗ ಹಿಡಿದು ಕತ್ತಲಲ್ಲಿ ನಿಂತಾಗ ಬೇಗ ನಿಲ್ಲಲಿ ಎಂದೇ ಬೇಡಿಕೊಂಡೆ. ಟಾರ್ಪಾಲನ್ನು ನೆತ್ತಿಯ ಆಚೆ ಬದಿಗೆ ಮೂರಡಿ ಇಳಿಬಿಟ್ಟು ಕಟ್ಟಿದ್ದರಿಂದ ಒಳಗೆ ಹನಿ ಬೀಳಲಿಲ್ಲ.

ಮೇ 6

ಮೂಲೆಯ ದೋಣಿ. ಜಿಐ ತಗಡು, ಎರಡಡಿ ಅಗಲ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂದು ಅಂಗಡಿಯಲ್ಲಿ ತೋರಿಸಿದರು. ಆದರೆ ಸುಣ್ಣ, ಸಿಮೆಂಟು ಹಸಿಯಾಗಿ ತಾಗಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ, ನೆತ್ತಿಯ ಗಾರೆ ಅಲ್ಲಿಗೇ ಬರುತ್ತದೆ. ಬೇಡ ಎಂದೆ.

ಹಳೇ ತಗಡು ಚಪ್ಪಟೆಯಾಗಿತ್ತು. ಈ ಸಲ ಎರಡೂ ಅಂಚನ್ನು ಅರ್ಧ ಇಂಚು ಮೇಲಕ್ಕೆ ಮಡಚಿಸಿ ತಂದೆ. ಎಲೆ ಕಟ್ಟಿ ನೀರು ಪಕ್ಕಕ್ಕೆ ಹರಡಿದರೂ ಆ ಮಡಿಕೆ ತಡೆಯುತ್ತದೆ. ಕೆಳಗಿನ ತುಂಡು ಮೊದಲು, ಅದರ ಮೇಲೆ ಮೇಲಿನ ತುಂಡು ಆರಿಂಚು ಹೊದ್ದಂತೆ. ನೀರು ಹರಿಯುವ ಮಧ್ಯದಲ್ಲಿ ಒಂದೂ ಮೊಳೆ ಹೊಡೆಯಲಿಲ್ಲ, ಅಂಚಿನ ಮಡಿಕೆಯನ್ನು ಕೊಕ್ಕೆಯಿಂದ ಹಿಡಿಸಿದೆ. ದಾರ ಹಿಡಿದು ಗೆರೆ ಎಳೆದು ಹೆಂಚುಗಳನ್ನು ಗ್ರೈಂಡರಿನಲ್ಲಿ ಓರೆಯಾಗಿ ಕತ್ತರಿಸಿದೆ. 9 ಒಡೆದವು. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ನಡುವೆ ಎಂಟಿಂಚು ದೋಣಿ ತೆರೆದೇ ಬಿಟ್ಟೆ. ಮೊದಲು ಎರಡಿಂಚೂ ಇರಲಿಲ್ಲ. ಈಗ ಕೈ ಹಾಕಿ ಎಲೆ ಬಾಚಬಹುದು.

ಮೇ 7ರಿಂದ 9

ಹೆಂಚು ಹತ್ತಿಸುವುದು ಎರಡೇ ದಿನದಲ್ಲಿ ಮುಗಿಯಿತು. ಸಾಲು ನಿಂತು ಕೈಯಿಂದ ಕೈಗೆ ಕೊಟ್ಟರು, ಅಕ್ಕಪಕ್ಕದ ಮಕ್ಕಳೂ ಬಂದಿದ್ದರು. ಅಟ್ಟದ ಕತ್ತಲೆ ಮೂಲೆಗೆ ಸರಿಯಾಗಿ ಎರಡು ಗಾಜಿನ ಹೆಂಚು ಹಾಕಿದೆ. ಬೆಳಕಿದ್ದರೆ ಕುಟ್ಟೆಯ ಪುಡಿ ಬಿದ್ದ ದಿನವೇ ಕಾಣುತ್ತದೆ. ತ್ರಿಕೋನದ ಗೋಡೆಯಲ್ಲಿ ಹಳೇ ಹೊಗೆಕಿಂಡಿಯನ್ನು ಯಾವಾಗಲೋ ಹಲಗೆ ಬಡಿದು ಮುಚ್ಚಿದ್ದೆವು. ಅದನ್ನು ಕಿತ್ತು ಹಕ್ಕಿ ಬಾರದ ಹಾಗೆ ಜಾಲರಿ ಹೊಡೆದೆ. ಕುಕ್ಕರಿನ ಆವಿ ಅಲ್ಲಿಂದ ಹೋಗಲಿ.

ನೆತ್ತಿಯ ಹೆಂಚಿಗೆ ಬರೀ ಸಿಮೆಂಟು ಗಾರೆ ಹಾಕಿದರೆ ಬಿಸಿಲಿಗೆ ಬಿರಿಯುತ್ತದೆ. ಸಿಮೆಂಟು 1, ಸುಣ್ಣ 1, ಮರಳು 6 ಕಲಸಿದೆ. ಹೆಂಚನ್ನು ನೀರಿನಲ್ಲಿ ನೆನೆಸಿಯೇ ಕೂರಿಸಬೇಕು, ಒಣ ಹೆಂಚು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಮೂರು ದಿನ ಒದ್ದೆ ಗೋಣಿ ಹೊದಿಸಿದೆ.

ಮೇ 17

ಕೃತ್ತಿಕೆ ಮಳೆ, ಒಂದೂವರೆ ಗಂಟೆ ಬಿಡದೆ ಹೊಯ್ಯಿತು. ಇಬ್ಬರೂ ಟಾರ್ಚ್ ಹಿಡಿದು ಅಟ್ಟದಲ್ಲಿ ಕೂತೆವು. ದೋಣಿ ಭೋರೆಂದು ಹರಿಯುವ ಸದ್ದು ತಲೆಯ ಮೇಲೆ ಕೇಳುತ್ತಿತ್ತು. ಏಪ್ರಿಲ್‌ನಲ್ಲಿ ಹೆಂಡತಿ ಹಾಕಿದ್ದ ಚಾಕ್ ಗುರುತಿನ ಪಕಾಸಿಯನ್ನು ಕೊನೆಯವರೆಗೂ ಮುಟ್ಟಿ ನೋಡಿದೆ. ಒಣಗಿತ್ತು. ಅಮ್ಮ ಕೆಳಗಿನಿಂದ "ಪಾತ್ರೆ ಇಡಲಾ?" ಎಂದು ಕೂಗಿದರು, ರೂಢಿ.

ಜುಲೈ 9

ಪುನರ್ವಸು. ಹನ್ನೊಂದು ದಿನದಿಂದ ಬಿಸಿಲು ಕಂಡಿಲ್ಲ. ಬೆಳಿಗ್ಗೆ ಐದನೇ ಸಾಲಿನಲ್ಲಿ ಒಂದು ಹನಿ ಕಾಣಿಸಿತು. ಹೆಂಚೊಂದರ ಮೂಲೆ ಸಿಡಿದಿತ್ತು, ಮಂಗವೋ ಕಾಯಿಯೋ ಗೊತ್ತಿಲ್ಲ. ಪಾಚಿ ಹಿಡಿದ ಮಾಡನ್ನು ಈ ಮಳೆಯಲ್ಲಿ ಹತ್ತುವಂತಿಲ್ಲ. ಒಳಗಿನಿಂದಲೇ ಮಾಡಿದೆ. ಮೇಲಿನ ಸಾಲಿನ ಎರಡು ಹೆಂಚನ್ನು ಅಂಗೈಯಿಂದ ಒಂದಿಂಚು ಎತ್ತಿ ಸಣ್ಣ ಮರದ ಚೂರು ಸಿಕ್ಕಿಸಿದೆ. ಒಡೆದದ್ದರ ಹಲ್ಲನ್ನು ರೀಪಿನಿಂದ ಬಿಡಿಸಿ ಓರೆ ಮಾಡಿ ಒಳಕ್ಕೆ ಎಳೆದುಕೊಂಡೆ. ಹೊಸದನ್ನು ಅದೇ ದಾರಿಯಲ್ಲಿ ಹೊರಕ್ಕೆ ತಳ್ಳಿ ಕೂರಿಸಿ, ಮರದ ಚೂರು ತೆಗೆದೆ. ಹತ್ತು ನಿಮಿಷ.

ರೀಪಿನ ಕೆಳಗೆ ಹಾಸಿದ್ದ ಹಳೇ ಪೇಪರಿನ ಮೇಲೆ ಪುಡಿ ಬಿದ್ದಿಲ್ಲ. ಶಿವರಾತ್ರಿ ಹೊತ್ತಿಗೆ ಬೋರಿಕ್ ನೀರು ಇನ್ನೊಂದು ಕೈ ಬಳಿಯಬೇಕು. ಅದೇ ಅಚ್ಚಿನ ಹೆಂಚು ಇನ್ನೂ 41 ಉಳಿದಿವೆ, ಕೊಟ್ಟಿಗೆಯ ಗೋಡೆಗೆ ಒರಗಿಸಿ ನಿಲ್ಲಿಸಿಟ್ಟಿದ್ದೇನೆ.